ಎಲ್ಲದರಲ್ಲೂ ಎರಡನೆಯದು: ಮೀಥೇನ್ ಎಂಜಿನ್ ಮತ್ತು ಮರಳಿ ಬರುವ ರಾಕೆಟ್



1931ರ ಮಾರ್ಚ್ 14ರಂದು ಜರ್ಮನಿಯ ಡೆಸೌ ನಗರದ ಬಳಿ ಯೊಹಾನೆಸ್ ವಿಂಕ್ಲರ್ ಎಂಬ ರಾಕೆಟ್ ಪ್ರವರ್ತಕ ಒಂದು ಪುಟ್ಟ ಯಂತ್ರವನ್ನು ಆಕಾಶಕ್ಕೆ ಹಾರಿಸಿದರು. ಯುರೋಪಿನಲ್ಲಿ ದ್ರವ ಇಂಧನದ ಬಲದಿಂದ ಮೇಲೇರಿದ ಮೊದಲ ರಾಕೆಟ್ ಎಂದು ಅದನ್ನು ಗುರುತಿಸುವುದುಂಟು. ಅದರೊಳಗೆ ಉರಿದದ್ದು ದ್ರವ ಮೀಥೇನ್ ಮತ್ತು ದ್ರವ ಆಮ್ಲಜನಕ. ಆಮೇಲೆ ಏನಾಯಿತು ನೋಡಿ. ಎರಡನೆಯ ಮಹಾಯುದ್ಧದ ವಿ-2 ಮದ್ಯಸಾರವನ್ನು ಉರಿಸಿತು. ಗಗಾರಿನ್ ಅವರನ್ನು ಹೊತ್ತ ರಾಕೆಟ್ ಸೀಮೆಎಣ್ಣೆಯನ್ನು ಉರಿಸಿತು. ಚಂದ್ರನಿಗೆ ಹೋದ ಸ್ಯಾಟರ್ನ್-5 ಕೆಳಹಂತದಲ್ಲಿ ಸೀಮೆಎಣ್ಣೆಯನ್ನೂ ಮೇಲಿನ ಹಂತಗಳಲ್ಲಿ ದ್ರವ ಜಲಜನಕವನ್ನೂ ನೆಚ್ಚಿತು. ನಮ್ಮ ವಿಕಾಸ್ ಎಂಜಿನ್ ಹೈಡ್ರಜೀನ್ ವರ್ಗದ ವಿಷಕಾರಿ ಇಂಧನವನ್ನು ಆಯ್ದುಕೊಂಡಿತು. ಮೀಥೇನ್ ಉರಿಸಿದ ರಾಕೆಟ್ಟೊಂದು ಮೊದಲ ಸಲ ಭೂಕಕ್ಷೆ ಮುಟ್ಟಿದ್ದು 2023ರ ಜುಲೈ 12ರಂದು, ಚೀನಾದ ಲ್ಯಾಂಡ್‌ಸ್ಪೇಸ್ ಎಂಬ ಖಾಸಗಿ ಕಂಪನಿಯ ಜೂಚ್ವೆ-2. ಎರಡರ ನಡುವೆ 92 ವರ್ಷಗಳ ಅಂತರ. ಮೀಥೇನಿನ ಗುಣಗಳು ಈ ಅವಧಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದೇನಿಲ್ಲ. ಅದರ ಕುದಿಬಿಂದು, ಸಾಂದ್ರತೆ, ಉರಿಯ ಶಾಖ ಎಲ್ಲವೂ ಪಠ್ಯಪುಸ್ತಕಗಳಲ್ಲೇ ಇದ್ದವು. ಹಾಗಿದ್ದೂ ಅದನ್ನು ಯಾರೂ ಏಕೆ ಮುಟ್ಟಲಿಲ್ಲ? ಮತ್ತು ಕಳೆದ ಹತ್ತು ವರ್ಷಗಳಲ್ಲಿ ಅಮೆರಿಕ, ಚೀನಾ, ಯುರೋಪ್, ಭಾರತ ಎಲ್ಲವೂ ಒಮ್ಮೆಲೇ ಅದರ ಕಡೆ ಏಕೆ ತಿರುಗಿದವು? ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಎಂಬುದು ನನ್ನ ವಾದ. ಮೀಥೇನ್ ಯಾವ ಒಂದು ಅಳತೆಯಲ್ಲೂ ಮೊದಲ ಸ್ಥಾನ ಪಡೆಯುವ ಇಂಧನವಲ್ಲ, ಎಲ್ಲದರಲ್ಲೂ ಎರಡನೆಯದು. ಒಮ್ಮೆ ಉರಿಸಿ ಸಮುದ್ರಕ್ಕೆ ಬಿಸಾಡುವ ರಾಕೆಟ್ಟಿಗೆ ಆಯಾ ಹಂತದಲ್ಲಿ ಮೊದಲನೆಯದೇ ಬೇಕು. ಮತ್ತೆ ಮತ್ತೆ ಹಾರಬೇಕಾದ ರಾಕೆಟ್ಟಿಗೆ ಎಲ್ಲದರಲ್ಲೂ ಎರಡನೆಯದೇ ಲೇಸು.

ಮೊದಲು ಲೆಕ್ಕ ನೋಡೋಣ. ರಾಕೆಟ್ ಇಂಧನದ ದಕ್ಷತೆಯನ್ನು ಸೆಕೆಂಡುಗಳಲ್ಲಿ ಹೇಳುವುದು ರೂಢಿ: ಒಂದು ಕಿಲೊ ನೋದಕ, ಅಂದರೆ ಇಂಧನ ಮತ್ತು ಆಮ್ಲಜನಕದ ಜೋಡಿ, ಒಂದು ಕಿಲೊ ತೂಕದಷ್ಟು ನೂಕುಬಲವನ್ನು ಎಷ್ಟು ಹೊತ್ತು ಕೊಡಬಲ್ಲದು ಎಂಬ ಲೆಕ್ಕ ಅದು. ನಿರ್ವಾತದಲ್ಲಿ ಜಲಜನಕದ ಎಂಜಿನ್ 450 ಸೆಕೆಂಡಿನ ಆಸುಪಾಸು ತಲುಪುತ್ತದೆ. ಸೀಮೆಎಣ್ಣೆಯದು 340ರಿಂದ 350. ಮೀಥೇನಿನದು 360ರಿಂದ 380. ಇಲ್ಲಿ ಜಲಜನಕಕ್ಕೆ ಸಾಟಿಯಿಲ್ಲ. ಇನ್ನು ಸಾಂದ್ರತೆ. ಒಂದು ಘನ ಮೀಟರ್ ದ್ರವ ಜಲಜನಕದ ತೂಕ ಬರೀ 71 ಕಿಲೊ. ಮೀಥೇನಿನದು ಸುಮಾರು 420. ಸೀಮೆಎಣ್ಣೆಯದು ಸುಮಾರು 800. ಇಲ್ಲಿ ಸೀಮೆಎಣ್ಣೆಯೇ ಮೇಲು. ಆದರೆ ರಾಕೆಟ್ ಇಂಧನವನ್ನಷ್ಟೇ ಹೊರುವುದಿಲ್ಲ, ಅದನ್ನು ಉರಿಸಲು ಬೇಕಾದ ಆಮ್ಲಜನಕವನ್ನೂ ಹೊರುತ್ತದೆ. ಒಂದು ಕಿಲೊ ಮೀಥೇನಿಗೆ ಮೂರೂವರೆ ಕಿಲೊಗಿಂತ ತುಸು ಹೆಚ್ಚು ಆಮ್ಲಜನಕ ಬೇಕು. ಅಂದರೆ ತೊಟ್ಟಿಗಳಲ್ಲಿರುವ ಒಟ್ಟು ತೂಕದ ಮುಕ್ಕಾಲು ಪಾಲಿಗೂ ಹೆಚ್ಚು ಆಮ್ಲಜನಕವೇ, ಮತ್ತು ದ್ರವ ಆಮ್ಲಜನಕ ನೀರಿಗಿಂತ ಭಾರ. ಎರಡನ್ನೂ ಕೂಡಿಸಿ ಸರಾಸರಿ ಸಾಂದ್ರತೆ ತೆಗೆದರೆ ಘನ ಮೀಟರಿಗೆ ಸೀಮೆಎಣ್ಣೆ ಜೋಡಿ ಸುಮಾರು 1,020 ಕಿಲೊ, ಮೀಥೇನ್ ಜೋಡಿ ಸುಮಾರು 830, ಜಲಜನಕ ಜೋಡಿ ಸುಮಾರು 360. ಬಿಡಿಯಾಗಿ ನೋಡಿದಾಗ ಸೀಮೆಎಣ್ಣೆಯ ಅರ್ಧದಷ್ಟು ಹಗುರವಾಗಿ ಕಂಡ ಮೀಥೇನ್ ಜೋಡಿಯಾಗಿ ನೋಡಿದಾಗ ಐದನೇ ಒಂದು ಪಾಲಷ್ಟೇ ಹಿಂದಿದೆ. ಜಲಜನಕವಾದರೋ ಅದರ ಅರ್ಧಕ್ಕೂ ಕೆಳಗೆ ಉಳಿಯುತ್ತದೆ. ಮೂರನೆಯದು ತಂಪು. ಜಲಜನಕವನ್ನು ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು. ಮೀಥೇನಿಗೆ ಮೈನಸ್ 161 ಸಾಕು, ಆಮ್ಲಜನಕಕ್ಕೆ ಮೈನಸ್ 183. ಸೀಮೆಎಣ್ಣೆಗೆ ತಂಪಿನ ಹಂಗೇ ಇಲ್ಲ. ಹೀಗೆ ಪ್ರತಿ ಕಲಮಿನಲ್ಲೂ ಬೇರೆ ಬೇರೆ ಇಂಧನ ಗೆಲ್ಲುತ್ತದೆ, ಪ್ರತಿ ಕಲಮಿನಲ್ಲೂ ನಡುವೆ ನಿಲ್ಲುವುದು ಮೀಥೇನ್.

ಬಿಸಾಡುವ ರಾಕೆಟ್ಟಿನ ಕಾಲದಲ್ಲಿ ಈ ನಡುವಿನ ಸ್ಥಾನಕ್ಕೆ ಬೆಲೆ ಇರಲಿಲ್ಲ. ಕೆಳಹಂತಕ್ಕೆ ದೊಡ್ಡ ನೂಕು, ಚಿಕ್ಕ ತೊಟ್ಟಿ ಬೇಕು, ಸೀಮೆಎಣ್ಣೆ ಹಾಕಿದರಾಯಿತು. ಮೇಲಿನ ಹಂತಕ್ಕೆ ಪ್ರತಿ ಕಿಲೊದಿಂದ ಆದಷ್ಟು ವೇಗ ಬೇಕು, ಜಲಜನಕ ಹಾಕಿದರಾಯಿತು. ಎಂಜಿನ್ ಎರಡು ಮೂರು ನಿಮಿಷ, ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ ಉರಿದು ಕೆಲಸ ಮುಗಿಸುತ್ತದೆ. ಅದರ ಒಳಗೋಡೆಗೆ ಮಸಿ ಹಿಡಿಯಿತೇ, ಟರ್ಬೈನಿನ ರೆಕ್ಕೆಯಲ್ಲಿ ಬಿರುಕು ಬಿಟ್ಟಿತೇ ಎಂದು ನೋಡುವವರು ಯಾರು? ಆಟ್ಲಾಂಟಿಕ್ ತಳದಲ್ಲಿ ಮಲಗಿದ ಎಂಜಿನ್ನಿಗೆ ತಪಾಸಣೆ ಬೇಕಿಲ್ಲ. ಮರುಬಳಕೆ ಎಂದ ಕೂಡಲೇ ಲೆಕ್ಕದ ಪುಸ್ತಕ ಬದಲಾಗುತ್ತದೆ. ಹೊಸ ಎಂಜಿನ್ ಮಾಡುವ ಖರ್ಚಿನ ಜಾಗಕ್ಕೆ ಹಳೆಯ ಎಂಜಿನ್ನನ್ನು ಮತ್ತೆ ಉರಿಸಲು ಬೇಕಾಗುವ ದುಡಿಮೆಯ ಖರ್ಚು ಬರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಡಿಮೆ ಇದ್ದರೆ ಮಾತ್ರ ಮರುಬಳಕೆಗೆ ಅರ್ಥ. ಇದಕ್ಕೆ ಅಮೆರಿಕದ ಸ್ಪೇಸ್ ಷಟಲ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1981ರಿಂದ 2011ರವರೆಗೆ 135 ಸಲ ಹಾರಿದ ಆ ವಾಹನದ ಮುಖ್ಯ ಎಂಜಿನ್‌ಗಳು ಮರುಬಳಕೆಯವೇ. ಜಲಜನಕ ಉರಿಸುತ್ತಿದ್ದ ಅವು ತಮ್ಮ ಕಾಲದ ಅತ್ಯುತ್ತಮ ಎಂಜಿನ್‌ಗಳು. ಆದರೆ ಹಾರಾಟ ಮುಗಿದ ಮೇಲೆ ಅವನ್ನು ವಾಹನದಿಂದ ಕಳಚಿ, ಕಾರ್ಯಾಗಾರಕ್ಕೆ ಸಾಗಿಸಿ, ಪಂಪುಗಳನ್ನು ಬಿಚ್ಚಿ ನೋಡಬೇಕಾಗುತ್ತಿತ್ತು. ವಾರಕ್ಕೊಂದು ಹಾರಾಟದ ಕನಸಿನಿಂದ ಹುಟ್ಟಿದ ಷಟಲ್ ತನ್ನ ಅತಿ ಬಿರುಸಿನ ವರ್ಷವಾದ 1985ರಲ್ಲಿ ಹಾರಿದ್ದು ಒಂಬತ್ತೇ ಸಲ. ವಿಳಂಬಕ್ಕೆ ಎಂಜಿನ್ ಒಂದೇ ಕಾರಣವಲ್ಲ, ಶಾಖ ತಡೆಯುವ ಹೆಂಚುಗಳ ಪಾಲೂ ದೊಡ್ಡದು. ಹಾಗಿದ್ದೂ ಪಾಠ ಸ್ಪಷ್ಟ: ಮರಳಿ ಬಂದ ಮಾತ್ರಕ್ಕೆ ಯಂತ್ರ ಅಗ್ಗವಾಗುವುದಿಲ್ಲ. ಇಳಿದು ಬಂದ ಎಂಜಿನ್ನನ್ನು ಬಿಚ್ಚದೆ ಮತ್ತೆ ಹೊತ್ತಿಸಬಹುದೇ ಎಂಬುದೇ ಕೇಂದ್ರ ಪ್ರಶ್ನೆ.

ಈಗ ಎಂಜಿನ್ನಿನ ಒಳಗೆ ಹೋಗಿ ನೋಡೋಣ. ದಹನ ಕೋಣೆಯ ಗೋಡೆ ತಾಮ್ರದ ಮಿಶ್ರಲೋಹದ್ದು. ಅದರ ಒಂದು ಮಗ್ಗುಲಲ್ಲಿ 3,000 ಡಿಗ್ರಿ ಮೀರಿದ ಜ್ವಾಲೆ. ತಾಮ್ರ ಕರಗಲು ಅದರ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿನ ಶಾಖ ಸಾಕು. ಗೋಡೆ ಕರಗದೆ ನಿಲ್ಲುವುದಕ್ಕೆ ಕಾರಣ ಅದರ ಮೈಯೊಳಗೆ ಕೊರೆದ ನೂರಾರು ಸಣ್ಣ ಕಾಲುವೆಗಳು. ಉರಿಯುವ ಮುನ್ನ ಇಂಧನ ಆ ಕಾಲುವೆಗಳಲ್ಲಿ ಹರಿದು ಗೋಡೆಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಇಲ್ಲಿ ಸೀಮೆಎಣ್ಣೆಯ ದೋಷ ಬಯಲಾಗುತ್ತದೆ. ಅದು ಉದ್ದುದ್ದ ಇಂಗಾಲದ ಸರಪಳಿಗಳ ಮಿಶ್ರಣ. ಕಾಲುವೆಯ ಗೋಡೆ ಕಾದಾಗ ಆ ಸರಪಳಿಗಳು ಒಡೆದು ಇಂಗಾಲದ ತೆಳುಪದರವಾಗಿ ಅಲ್ಲೇ ಅಂಟುತ್ತವೆ. ಆ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ಮುಂದಿನ ಸಲ ಗೋಡೆ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಇಂಗಾಲ ಅಂಟುತ್ತದೆ. ಪಂಪು ತಿರುಗಿಸುವ ಅನಿಲದಲ್ಲೂ ಇದೇ ಕತೆ. ಸೀಮೆಎಣ್ಣೆ ಸ್ಟೌ ಮೇಲಿಟ್ಟ ಪಾತ್ರೆಯ ತಳಕ್ಕೂ ಗ್ಯಾಸ್ ಒಲೆಯ ಮೇಲಿಟ್ಟ ಪಾತ್ರೆಯ ತಳಕ್ಕೂ ಇರುವ ವ್ಯತ್ಯಾಸ ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ಮೀಥೇನ್ ಅಣುವಿನಲ್ಲಿ ಇರುವುದು ಒಂದೇ ಇಂಗಾಲ, ಅದರ ಸುತ್ತ ನಾಲ್ಕು ಜಲಜನಕ. ಒಡೆಯಲು ಸರಪಳಿಯೇ ಇಲ್ಲ. ಇನ್ನೊಂದು ಅನುಕೂಲವೂ ಇದೆ. ಸುಮಾರು 46 ವಾಯುಭಾರದ ಒತ್ತಡ, ಮೈನಸ್ 82 ಡಿಗ್ರಿ ಶಾಖ ದಾಟಿತೆಂದರೆ ಮೀಥೇನಿಗೆ ದ್ರವ, ಅನಿಲ ಎಂಬ ಭೇದ ಉಳಿಯುವುದಿಲ್ಲ. ಎಂಜಿನ್ನಿನ ಕಾಲುವೆಗಳಲ್ಲಿ ಒತ್ತಡ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಅದು ಕುದಿಯದೆ, ಗುಳ್ಳೆ ಏಳದೆ, ನಯವಾಗಿ ಕಾಯುತ್ತಾ ಹರಿಯುತ್ತದೆ. ಗೋಡೆಗೆ ಸಮನಾದ ತಂಪು ಸಿಗುತ್ತದೆ. ಇಳಿದು ಬಂದ ಎಂಜಿನ್ನಿನ ಒಳಗೆ ಕೆರೆದು ತೆಗೆಯಬೇಕಾದ್ದು ಕಡಿಮೆಯಾಗುತ್ತದೆ.

ಶುಚಿತ್ವ ತೊಳೆಯುವ ಕೆಲಸವನ್ನು ಉಳಿಸುತ್ತದೆ ಎಂಬುದು ಅರ್ಧ ಮಾತು. ಎಂಜಿನ್ನಿನ ವಿನ್ಯಾಸವನ್ನೇ ಬದಲಿಸಲು ಅವಕಾಶ ಕೊಡುತ್ತದೆ ಎಂಬುದು ಉಳಿದರ್ಧ. ದೊಡ್ಡ ಎಂಜಿನ್ನಿನಲ್ಲಿ ಇಂಧನವನ್ನೂ ಆಮ್ಲಜನಕವನ್ನೂ ದಹನ ಕೋಣೆಗೆ ತುರುಕಲು ಟರ್ಬೈನ್ ಬೇಕು, ಟರ್ಬೈನ್ ತಿರುಗಲು ಬಿಸಿ ಅನಿಲ ಬೇಕು. ಸರಳ ದಾರಿಯೆಂದರೆ ಸ್ವಲ್ಪ ಇಂಧನವನ್ನು ಪ್ರತ್ಯೇಕವಾಗಿ ಉರಿಸಿ, ಟರ್ಬೈನ್ ತಿರುಗಿಸಿ, ಆ ಹೊಗೆಯನ್ನು ಹೊರಗೆ ಬಿಡುವುದು. ಅಷ್ಟು ನೋದಕ ನಷ್ಟ. ಕಷ್ಟದ ದಾರಿಯೆಂದರೆ ಆ ಹೊಗೆಯನ್ನೂ ದಹನ ಕೋಣೆಗೇ ಕಳಿಸಿ ಪೂರ್ತಿ ಉರಿಸುವುದು. ಸೀಮೆಎಣ್ಣೆಯಲ್ಲಿ ಇದನ್ನು ಮಾಡಹೊರಟ ಸೋವಿಯತ್ ಎಂಜಿನಿಯರರು ಮಸಿಯ ಭಯದಿಂದ ಆಮ್ಲಜನಕವೇ ಹೆಚ್ಚಿರುವ ಬಿಸಿ ಅನಿಲವನ್ನು ಬಳಸಬೇಕಾಯಿತು. ಬಿಸಿ ಆಮ್ಲಜನಕ ಉಕ್ಕನ್ನೇ ಸುಡಬಲ್ಲದು. ಅದಕ್ಕೆ ತಾಳುವ ಲೋಹ ಮತ್ತು ಲೇಪನ ಕಂಡುಕೊಂಡದ್ದು ಅವರ ದೊಡ್ಡ ಸಾಧನೆ. ಅಮೆರಿಕವೂ ಅಟ್ಲಾಸ್ ರಾಕೆಟ್ಟಿಗೆ ಅವರ ಆರ್‌ಡಿ-180 ಎಂಜಿನ್ನನ್ನು ಕೊಂಡು ತರಬೇಕಾಯಿತು. ಮೀಥೇನಿಗೆ ಮಸಿಯ ಭಯವಿಲ್ಲ. ಒಂದು ಕಡೆ ಇಂಧನ ಹೆಚ್ಚಿರುವ ಅನಿಲದಿಂದ ಇಂಧನದ ಪಂಪನ್ನೂ ಇನ್ನೊಂದು ಕಡೆ ಆಮ್ಲಜನಕ ಹೆಚ್ಚಿರುವ ಅನಿಲದಿಂದ ಆಮ್ಲಜನಕದ ಪಂಪನ್ನೂ ತಿರುಗಿಸಬಹುದು. ಆಗ ಎರಡು ಲಾಭ. ಇಡೀ ನೋದಕವೇ ಟರ್ಬೈನುಗಳ ಮೂಲಕ ಹಾಯುವುದರಿಂದ ಅಷ್ಟೇ ಶಕ್ತಿಗೆ ಕಡಿಮೆ ಶಾಖ ಸಾಕು, ರೆಕ್ಕೆಗಳ ಆಯುಸ್ಸು ಹೆಚ್ಚುತ್ತದೆ. ಜತೆಗೆ, ಒಂದೇ ದಂಡದ ಮೇಲೆ ಇಂಧನ ಮತ್ತು ಆಮ್ಲಜನಕ ಎದುರುಬದುರಾಗಿ, ನಡುವಿನ ಮುದ್ರೆ ಸೋರಿದರೆ ಸ್ಫೋಟವಾಗುವ ಅಪಾಯ ತಪ್ಪುತ್ತದೆ. ಸೋವಿಯತ್ ಒಕ್ಕೂಟ 1960ರ ದಶಕದಲ್ಲಿ ಈ ಮಾದರಿಯ ಆರ್‌ಡಿ-270 ಎಂಜಿನ್ನನ್ನು ಬೇರೆ ಇಂಧನದೊಂದಿಗೆ ಪರೀಕ್ಷಿಸಿತ್ತು, ಹಾರಿಸಲಿಲ್ಲ. ಹಾರಿದ ಮೊದಲನೆಯದು ಸ್ಪೇಸ್‌ಎಕ್ಸ್‌ನ ಮೀಥೇನ್ ಎಂಜಿನ್ ರಾಪ್ಟರ್.

ಆದರೆ ಮೀಥೇನ್ ಆಯ್ದುಕೊಂಡವರೆಲ್ಲ ಈ ಕಡಿದಾದ ದಾರಿಯನ್ನೇ ಹಿಡಿದಿಲ್ಲ. ಲ್ಯಾಂಡ್‌ಸ್ಪೇಸ್ ಮೊದಲು ಹೇಳಿದ ಸರಳ ದಾರಿಯಲ್ಲೇ ಹೊರಟಿತು. 2022ರ ಡಿಸೆಂಬರ್‌ನ ಮೊದಲ ಯತ್ನ ಸೋತಿತು, ಏಳು ತಿಂಗಳಲ್ಲಿ ಎರಡನೆಯದು ಗೆದ್ದಿತು. ಅಮೆರಿಕದ ಬ್ಲೂ ಒರಿಜಿನ್ ಕಂಪನಿ ಮಧ್ಯದ ದಾರಿ ಹಿಡಿಯಿತು. ಅದರ ಬಿಇ-4 ಆಮ್ಲಜನಕ ಹೆಚ್ಚಿರುವ ಅನಿಲದಿಂದ ನಡೆಯುತ್ತದೆ, ಸುಮಾರು 2,400 ಕಿಲೊನ್ಯೂಟನ್ ನೂಕು ಕೊಡುತ್ತದೆ. ದಹನ ಕೋಣೆಯ ಒತ್ತಡವನ್ನು ಬೇಕೆಂದೇ 134 ವಾಯುಭಾರದ ಆಸುಪಾಸಿಗೆ ನಿಲ್ಲಿಸಲಾಗಿದೆ. ರಾಪ್ಟರ್‌ನದು 300ರ ಮಟ್ಟ. ಒತ್ತಡ ತಗ್ಗಿಸಿ ಆಯುಸ್ಸು ಹೆಚ್ಚಿಸುವ ಲೆಕ್ಕ ಅದು. ಹಾಗೆಂದು ಅದೇನೂ ಬೇಗ ಕೈಗೆ ಬರಲಿಲ್ಲ. ಯುನೈಟೆಡ್ ಲಾಂಚ್ ಅಲಯನ್ಸ್ ಎಂಬ ಉಡಾವಣಾ ಕಂಪನಿಯ ಜತೆಗಿನ ಒಡಂಬಡಿಕೆ 2014ರದು, ಆ ಎಂಜಿನ್ ಹೊತ್ತ ಅದರ ವಲ್ಕನ್ ರಾಕೆಟ್ ಮೊದಲು ಹಾರಿದ್ದು 2024ರ ಜನವರಿ 8ರಂದು. ಬ್ಲೂ ಒರಿಜಿನ್‌ನ ಸ್ವಂತ ರಾಕೆಟ್ ನ್ಯೂ ಗ್ಲೆನ್‌ನ ಕೆಳಹಂತ ಏಳು ಬಿಇ-4ಗಳೊಂದಿಗೆ ಹಡಗಿನ ಮೇಲೆ ಇಳಿದದ್ದು 2025ರ ನವೆಂಬರ್ 13ರಂದು. ಸ್ಪೇಸ್‌ಎಕ್ಸ್ ರಾಪ್ಟರ್‌ಅನ್ನು ಮೊದಲು ಉರಿಸಿದ್ದು 2016ರಲ್ಲಿ. ಮೊದಲ ಆವೃತ್ತಿಯಿಂದ ಮೂರನೆಯ ಆವೃತ್ತಿಗೆ ಬರುವಷ್ಟರಲ್ಲಿ ನೂಕುಬಲ 185 ಟನ್‌ನಿಂದ 280 ಟನ್‌ಗೆ ಏರಿತು, ಎಂಜಿನ್ನಿನ ತೂಕ 2,080 ಕಿಲೊದಿಂದ 1,525 ಕಿಲೊಗೆ ಇಳಿಯಿತು. ಯುರೋಪಿನ ಪ್ರಾಮಿಥಿಯಸ್ ಎಂಜಿನ್ನಿನ ಗುರಿ ಇನ್ನೊಂದು ಬಗೆಯದು: 100 ಟನ್ ನೂಕು, ಬೆಲೆ ಹತ್ತು ಲಕ್ಷ ಯೂರೊ, ಅಂದರೆ ಏರಿಯಾನ್-5ರ ಜಲಜನಕ ಎಂಜಿನ್ ವಲ್ಕೇನ್‌ನ ಹತ್ತನೇ ಒಂದು ಪಾಲು. ಒಬ್ಬೊಬ್ಬರದು ಒಂದೊಂದು ದಾರಿಯಾದರೂ ಇಂಧನ ಒಂದೇ ಆದದ್ದು ಕಾಕತಾಳೀಯವಲ್ಲ. ಮೀಥೇನ್ ಸರಳ ಎಂಜಿನ್ನಿಗೂ ಒದಗುತ್ತದೆ, ಸಂಕೀರ್ಣ ಎಂಜಿನ್ನಿಗೂ ಒದಗುತ್ತದೆ. ಇಂದು ಸರಳವಾಗಿ ಶುರುಮಾಡಿದವರು ನಾಳೆ ತೊಟ್ಟಿ, ಕೊಳವೆ, ಉಡಾವಣಾ ವೇದಿಕೆ ಬದಲಿಸದೆ ಮೇಲಿನ ಮೆಟ್ಟಿಲು ಹತ್ತಬಹುದು.

ಎಂಜಿನ್ನಿನಷ್ಟೇ ಮಹತ್ವ ತೊಟ್ಟಿಗೂ ಇದೆ. ಇಂಧನ ಖಾಲಿಯಾಗುತ್ತಾ ಹೋದಂತೆ ಆ ಜಾಗವನ್ನು ಯಾವುದಾದರೂ ಅನಿಲ ತುಂಬದಿದ್ದರೆ ಒತ್ತಡ ಕುಸಿದು ಪಂಪಿಗೆ ದ್ರವದ ಬದಲು ಆವಿ ಸಿಗುತ್ತದೆ. ಇದಕ್ಕೆ ಹಳೆಯ ಉಪಾಯ ಹೀಲಿಯಂ. ಅದು ದುಬಾರಿ, ಭಾರತ ಅದಕ್ಕೆ ಆಮದನ್ನೇ ನೆಚ್ಚಿದೆ. ಅತಿ ಒತ್ತಡದ ಹೀಲಿಯಂ ಸಿಲಿಂಡರಿನ ವೈಫಲ್ಯದಿಂದಲೇ 2016ರ ಸೆಪ್ಟೆಂಬರ್ 1ರಂದು ಸ್ಪೇಸ್‌ಎಕ್ಸ್‌ನ ಒಂದು ಫಾಲ್ಕನ್-9 ರಾಕೆಟ್ ವೇದಿಕೆಯ ಮೇಲೆಯೇ ಸಿಡಿಯಿತು. ಮೀಥೇನ್ ಸುಲಭವಾಗಿ ಆವಿಯಾಗುವುದರಿಂದ ಎಂಜಿನ್ನಿನಲ್ಲಿ ಕಾದ ಅದೇ ಮೀಥೇನನ್ನು ಒಂದಿಷ್ಟು ತೊಟ್ಟಿಗೆ ಮರಳಿಸಿದರೆ ಹೀಲಿಯಂ ಬೇಡವಾಗುತ್ತದೆ. ಹೇಳಲು ಸುಲಭ, ಮಾಡಲು ಕಷ್ಟ. 2020ರ ಡಿಸೆಂಬರ್‌ನಲ್ಲಿ ಅದೇ ಕಂಪನಿಯ ಮೀಥೇನ್ ವಾಹನ ಸ್ಟಾರ್‌ಷಿಪ್‌ನ ಎಸ್‌ಎನ್-8 ಮಾದರಿ ಇಳಿಯುವ ಕೊನೆಯ ಗಳಿಗೆಯಲ್ಲಿ ಮೀಥೇನ್ ತೊಟ್ಟಿಯ ಒತ್ತಡ ಕುಸಿದು ನೆಲಕ್ಕಪ್ಪಳಿಸಿತು. ತಾತ್ಕಾಲಿಕವಾಗಿ ಹೀಲಿಯಂಗೆ ಮರಳಿದಾಗ ಇನ್ನೊಂದು ತೊಂದರೆ: 2021ರ ಮಾರ್ಚ್‌ನಲ್ಲಿ ಎಸ್‌ಎನ್-10ರ ಎಂಜಿನ್ ಹೀಲಿಯಂ ನುಂಗಿ ಸೊರಗಿತು ಎಂಬುದೇ ಕಂಪನಿಯ ಊಹೆಯಾಗಿತ್ತು. ಅದೇ ತಿಂಗಳ ಕೊನೆಯ ಎಸ್‌ಎನ್-11 ಮೀಥೇನ್ ಸೋರಿಕೆಯಿಂದ ಹೊತ್ತಿದ ಬೆಂಕಿಗೆ ಬಲಿಯಾಯಿತು. ಎಸ್‌ಎನ್-15 ಸುರಕ್ಷಿತವಾಗಿ ಇಳಿದದ್ದು ಮೇ 5ರಂದು. ನಮ್ಮಲ್ಲೂ 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ವಿಫಲವಾದದ್ದು ಕವಾಟವೊಂದು ಸೋರಿ ಜಲಜನಕ ತೊಟ್ಟಿಯ ಒತ್ತಡ ಇಳಿದದ್ದರಿಂದಲೇ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಮೀಥೇನ್ ಮತ್ತು ಆಮ್ಲಜನಕದ ಕುದಿಬಿಂದುಗಳ ನಡುವೆ ಇಪ್ಪತ್ತು ಚಿಲ್ಲರೆ ಡಿಗ್ರಿ ಅಂತರವಷ್ಟೇ ಇರುವುದರಿಂದ ಎರಡು ತೊಟ್ಟಿಗಳ ನಡುವೆ ಒಂದೇ ಗೋಡೆ ಸಾಕು, ತೂಕ ಉಳಿಯುತ್ತದೆ. ಆದರೆ ಮೀಥೇನ್ ಹೆಪ್ಪುಗಟ್ಟುವುದು ಆಮ್ಲಜನಕ ಕುದಿಯುವ ಮಟ್ಟದಲ್ಲೇ. ಹೆಚ್ಚು ತುಂಬಲೆಂದು ಆಮ್ಲಜನಕವನ್ನು ಇನ್ನಷ್ಟು ತಣಿಸಿದರೆ ಗೋಡೆಯಾಚೆ ಮೀಥೇನ್ ಗಡ್ಡೆ ಕಟ್ಟಬಹುದು. ಎರಡನೆಯ ಸ್ಥಾನದ ಇಂಧನ ಎಂದರೆ ತೊಂದರೆಯಿಲ್ಲದ ಇಂಧನ ಎಂದು ಯಾರೂ ತಿಳಿಯಬಾರದು.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಮರುಬಳಕೆಗೆ ಮೀಥೇನೇ ಬೇಕೆಂದರೆ ಫಾಲ್ಕನ್-9 ಹೇಗೆ ಸಾಧ್ಯವಾಯಿತು? ಅದು ಉರಿಸುವುದು ಸೀಮೆಎಣ್ಣೆ. 2015ರ ಡಿಸೆಂಬರ್ 21ರಂದು ಅದರ ಕೆಳಹಂತ ಮೊದಲ ಸಲ ನೆಲಕ್ಕಿಳಿಯಿತು, 2017ರ ಮಾರ್ಚ್ 30ರಂದು ಇಳಿದದ್ದೇ ಮತ್ತೆ ಹಾರಿತು, ಈಗ ಒಂದೇ ಕೆಳಹಂತ ಮೂವತ್ತಕ್ಕೂ ಹೆಚ್ಚು ಸಲ ಹಾರಿದ ದಾಖಲೆಯಿದೆ. ಮಸಿ ಮೆತ್ತಿದ ಅದರ ಮೈ ಎಲ್ಲರೂ ಕಂಡದ್ದೇ. ಈ ಆಕ್ಷೇಪ ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಹೇಗೆ ಸಾಧ್ಯವಾಯಿತು ಎಂದು ನೋಡಿದರೆ ಮಿತಿಯೂ ಕಾಣುತ್ತದೆ. ಫಾಲ್ಕನ್‌ನ ಮರ್ಲಿನ್ ಎಂಜಿನ್ ಸರಳ ದಾರಿಯದು, ಒತ್ತಡ 100 ವಾಯುಭಾರದ ಆಸುಪಾಸು, ಟರ್ಬೈನಿನ ಮಸಿಯನ್ನು ಸಹಿಸಿಕೊಳ್ಳುವಂತೆ ರೂಪಿಸಿದ್ದು. ಆ ಸರಳತೆಯ ಬೆಲೆಯನ್ನು ಅದು ದಕ್ಷತೆಯಲ್ಲಿ ತೆರುತ್ತದೆ. ಪರಿಣಾಮವಾಗಿ ಕೆಳಹಂತವನ್ನು ಮರಳಿ ತರುವಷ್ಟು ಶಕ್ತಿ ಉಳಿಯುತ್ತದೆ, ಮೇಲಿನ ಹಂತವನ್ನು ತರುವಷ್ಟು ಉಳಿಯುವುದಿಲ್ಲ. ಪ್ರತಿ ಹಾರಾಟಕ್ಕೂ ಒಂದು ಹೊಸ ಮೇಲ್ಹಂತ ಸಮುದ್ರಪಾಲು. ಎರಡೂ ಹಂತ ಮರಳಬೇಕೆಂದರೆ ಹೆಚ್ಚು ಒತ್ತಡದ, ಹೆಚ್ಚು ದಕ್ಷತೆಯ ಎಂಜಿನ್ ಬೇಕು, ಮತ್ತು ಅಷ್ಟು ಒತ್ತಡದಲ್ಲೂ ಬಹುಕಾಲ ಬಾಳಬೇಕು. ಸೀಮೆಎಣ್ಣೆಯ ಮರುಬಳಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಪಳಗಿದ ಕಂಪನಿಯೇ ತನ್ನ ಮುಂದಿನ ವಾಹನಕ್ಕೆ ಮೀಥೇನನ್ನು ಆಯ್ದುಕೊಂಡಿತು ಎಂಬ ಸಂಗತಿಗೆ ತೂಕವಿದೆ. ಮಂಗಳನಲ್ಲಿ ಅಲ್ಲಿಯ ಇಂಗಾಲದ ಡೈಆಕ್ಸೈಡಿನಿಂದ ಮೀಥೇನ್ ತಯಾರಿಸಬಹುದು ಎಂಬ ಕಾರಣವನ್ನೂ ಆ ಕಂಪನಿ ಮುಂದಿಡುತ್ತದೆ. ರಸಾಯನಶಾಸ್ತ್ರ ಸರಿಯೇ, ಆದರೆ ಉಪಗ್ರಹ ಹಾರಿಸುವ ವ್ಯಾಪಾರಕ್ಕೆ ಮಂಗಳದ ಕಾರಣ ಬೇಕಿಲ್ಲ. ಅದನ್ನು ಬಿಟ್ಟರೂ ವಾದ ನಿಲ್ಲುತ್ತದೆ.

ಎರಡನೆಯ ಆಕ್ಷೇಪ ಅರ್ಥಶಾಸ್ತ್ರದ್ದು. ಏರಿಯಾನ್‌ಗ್ರೂಪ್‌ನ ಆಗಿನ ಮುಖ್ಯಸ್ಥ ಅಲೆನ್ ಶಾರ್ಮೊ 2018ರಲ್ಲಿ ಹೇಳಿದ್ದರ ತಿರುಳು ಇದು: ವರ್ಷಕ್ಕೆ ಹತ್ತು ಉಡಾವಣೆ ಮಾತ್ರ ಖಾತ್ರಿಯಿರುವಾಗ ಹತ್ತು ಸಲ ಹಾರುವ ರಾಕೆಟ್ ಮಾಡಿದರೆ ವರ್ಷಕ್ಕೆ ಒಂದೇ ರಾಕೆಟ್ ತಯಾರಿಸಿ ಕಾರ್ಖಾನೆಯನ್ನು ಮುಚ್ಚಬೇಕಾಗುತ್ತದೆ. ಫಾಲ್ಕನ್ 2024ರಲ್ಲಿ 130ಕ್ಕೂ ಹೆಚ್ಚು ಸಲ ಹಾರಿತು, ಅದರಲ್ಲಿ ಬಹುಪಾಲು ಕಂಪನಿಯ ಸ್ವಂತ ಸ್ಟಾರ್‌ಲಿಂಕ್ ಉಪಗ್ರಹಗಳಿಗಾಗಿ. ಇಸ್ರೊದ ಉಡಾವಣೆಗಳು ಯಾವ ವರ್ಷವೂ ಹತ್ತು ಮುಟ್ಟಿಲ್ಲ. ಹಾಗಾದರೆ ನಮಗೇಕೆ ಮರುಬಳಕೆ? ಉತ್ತರ ಎರಡು ತೆರ. ಒಂದು, ಒಂದೇ ದೊಡ್ಡ ಎಂಜಿನ್ನಿನ ಬದಲು ಮಧ್ಯಮ ಗಾತ್ರದ ಒಂಬತ್ತು ಎಂಜಿನ್‌ಗಳನ್ನು ಕೆಳಹಂತಕ್ಕೆ ಕೂಡಿಸಿದರೆ, ರಾಕೆಟ್‌ಗಳ ಸಂಖ್ಯೆ ಕಡಿಮೆಯಿದ್ದರೂ ಎಂಜಿನ್‌ಗಳ ಸಂಖ್ಯೆ ಕಾರ್ಖಾನೆ ನಡೆಯುವಷ್ಟಿರುತ್ತದೆ. ಇಳಿಯುವಾಗ ಖಾಲಿ ತೊಟ್ಟಿಯ ಹಗುರ ವಾಹನಕ್ಕೆ ಒಂದೇ ಎಂಜಿನ್ ಸಾಕಾಗುವುದೂ ಇದರ ಲಾಭ. ಮೀಥೇನ್ ಕೆಳಹಂತಕ್ಕೂ ಮೇಲ್ಹಂತಕ್ಕೂ ಒಗ್ಗುವುದರಿಂದ ಎರಡಕ್ಕೂ ಒಂದೇ ಎಂಜಿನ್ ವಂಶ, ಒಂದೇ ಇಂಧನ, ಒಂದೇ ತರಬೇತಿ. ಎರಡು, ಯುರೋಪ್ ತಾನೇ ತನ್ನ ವಾದವನ್ನು ಪೂರ್ತಿ ನೆಚ್ಚಿ ಕೂರಲಿಲ್ಲ; ಪ್ರಾಮಿಥಿಯಸ್‌ಗೆ ಹಣ ಹೂಡಿತು. ಬಿಸಾಡಿದರೂ ನಷ್ಟವಾಗದಷ್ಟು ಅಗ್ಗದ, ಉಳಿಸಿಕೊಂಡರೆ ಮತ್ತೆ ಉರಿಯುವಷ್ಟು ಗಟ್ಟಿಯ ಎಂಜಿನ್ ಎಂಬುದೇ ಕಡಿಮೆ ಉಡಾವಣೆಯ ದೇಶಕ್ಕೆ ಸರಿಯಾದ ಗುರಿ. ಆದರೆ ಒಂದನ್ನು ಒಪ್ಪಲೇಬೇಕು: ಇಂಧನದ ಬೆಲೆ ಈ ಚರ್ಚೆಯಲ್ಲಿ ಬಹುತೇಕ ಅಪ್ರಸ್ತುತ. ಆಗ ಸುಮಾರು ಆರು ಕೋಟಿ ಡಾಲರ್ ಬೆಲೆಯಿದ್ದ ಫಾಲ್ಕನ್ ಹಾರಾಟದಲ್ಲಿ ನೋದಕದ ಪಾಲು ಎರಡು ಲಕ್ಷ ಡಾಲರ್ ಎಂದು ಸ್ಪೇಸ್‌ಎಕ್ಸ್ ಮುಖ್ಯಸ್ಥರೇ ಹೇಳಿದ್ದರು. ಮೀಥೇನ್ ಅಗ್ಗ ಎಂದು ಹಾಡಿ ಹೊಗಳುವವರು ತಪ್ಪು ಕಲಮನ್ನು ಓದುತ್ತಿದ್ದಾರೆ.

ಮೂರನೆಯ ಆಕ್ಷೇಪ ಪರಿಸರದ್ದು. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುವ ಅನಿಲ. ತುಂಬಿಸುವಾಗ, ತೊಟ್ಟಿಯಿಂದ ಆವಿ ಬಿಡುವಾಗ, ಉಡಾವಣೆ ರದ್ದಾಗಿ ಮರಳಿ ಹೊರತೆಗೆಯುವಾಗ ಸೋರಿದರೆ ಹಾನಿ ಖಚಿತ. ಆದುದರಿಂದ ‘ಹಸಿರು ಇಂಧನ’ ಎಂಬ ಬಿರುದನ್ನು ಅದಕ್ಕೆ ಕಣ್ಣುಮುಚ್ಚಿ ಕೊಡಬಾರದು. ಆದರೂ ಹೋಲಿಕೆ ನ್ಯಾಯವಾಗಿರಲಿ. ಉರಿದ ಮೇಲೆ ಮೀಥೇನ್ ಬಿಡುವುದು ಮುಖ್ಯವಾಗಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್. ಸೀಮೆಎಣ್ಣೆ ಇವೆರಡರ ಜತೆಗೆ ಮಸಿಯನ್ನೂ ವಾತಾವರಣದ ಮೇಲಿನ ಪದರಗಳಿಗೆ ಒಯ್ಯುತ್ತದೆ. ಅಲ್ಲಿ ಮಳೆಯಿಲ್ಲ, ಅದು ಬೇಗ ಕೆಳಗಿಳಿಯುವುದಿಲ್ಲ. ವಿಕಾಸ್ ಎಂಜಿನ್ನಿನ ಹೈಡ್ರಜೀನ್ ತುಂಬುವ ಕಾರ್ಮಿಕರು ಮೈತುಂಬ ರಕ್ಷಾಕವಚ ತೊಡಬೇಕು. ಈ ಎರಡರ ಪಕ್ಕದಲ್ಲಿಟ್ಟರೆ ಮೀಥೇನ್ ಮೇಲು, ಸೋರಿಕೆಯನ್ನು ಅಳೆದು ಲೆಕ್ಕ ಕೊಡುವ ಶಿಸ್ತು ಇದ್ದರೆ ಮಾತ್ರ.

ಈಗ ನಮ್ಮ ದೇಶದ ಮಾತು. 2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟ ಮುಂದಿನ ಪೀಳಿಗೆಯ ಉಡಾವಣಾ ವಾಹನಕ್ಕೆ 8,240 ಕೋಟಿ ರೂಪಾಯಿಯ ಮಂಜೂರಾತಿ ಕೊಟ್ಟಿತು. ಭೂಮಿಯ ಕೆಳಕಕ್ಷೆಗೆ 30 ಟನ್ ಒಯ್ಯುವ ಗುರಿ, ಮರುಬಳಕೆಯ ಮೊದಲ ಹಂತ, ಮೂರು ಅಭಿವೃದ್ಧಿ ಹಾರಾಟ, ಎಂಟು ವರ್ಷದ ಗಡುವು. ಮೊದಲ ಹಂತಕ್ಕೆ ಮೀಥೇನ್ ಎಂಜಿನ್‌ಗಳ ಗುಚ್ಛ ಬರಲಿದೆ. ಅವಕಾಶಗಳು ಇಲ್ಲದಿಲ್ಲ. ಶ್ರೀಹರಿಕೋಟಾಕ್ಕೆ ದಕ್ಷಿಣದಲ್ಲಿ, ಚೆನ್ನೈ ಬಳಿಯ ಎಣ್ಣೂರಿನಲ್ಲಿ 2019ರಿಂದ ದ್ರವೀಕೃತ ನೈಸರ್ಗಿಕ ಅನಿಲದ ಟರ್ಮಿನಲ್ ಇದೆ. ಅದರಲ್ಲಿನ ಈಥೇನ್, ಪ್ರೊಪೇನ್‌ಗಳನ್ನು ಬೇರ್ಪಡಿಸಿ ಶುದ್ಧಗೊಳಿಸಿದರೆ ರಾಕೆಟ್ಟಿಗೆ ಬೇಕಾದ ಮೀಥೇನ್ ದೂರದಲ್ಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿಗಳು ಕ್ರಯೋಜೆನಿಕ್ ಎಂಜಿನ್ ತಯಾರಿಕಾ ಘಟಕವನ್ನು ಉದ್ಘಾಟಿಸಿದರು. ಚಳ್ಳಕೆರೆ ಬಳಿಯ ಪರೀಕ್ಷಾ ವಲಯದಲ್ಲಿ ಇಸ್ರೊದ ರೆಕ್ಕೆಯ ಮರುಬಳಕೆ ವಾಹನ 2023 ಮತ್ತು 2024ರಲ್ಲಿ ಮೂರು ಸಲ ತಾನೇ ದಾರಿ ಹುಡುಕಿ ರನ್‌ವೇ ಮೇಲೆ ಇಳಿಯಿತು. ಅದು ಬೇರೆ ಬಗೆಯ ವಾಹನವಾದರೂ ಮರಳಿ ಇಳಿಯುವ ಮಾರ್ಗದರ್ಶನದ ವಿದ್ಯೆ ಅಲ್ಲಿ ಪಳಗುತ್ತಿದೆ. ಮಹೇಂದ್ರಗಿರಿಯಲ್ಲಿ ಪರೀಕ್ಷೆಯಲ್ಲಿರುವ ಸೀಮೆಎಣ್ಣೆಯ ಎಸ್‌ಇ-2000 ಎಂಜಿನ್ ಆಮ್ಲಜನಕ ಹೆಚ್ಚಿರುವ ಬಿಸಿ ಅನಿಲದಿಂದ ನಡೆಯುವಂಥದ್ದು. ಅದಕ್ಕೆಂದು ಕಲಿತ ಲೋಹವಿದ್ಯೆ ಮೀಥೇನಿಗೂ ಬಂಡವಾಳ. ಎಸ್‌ಇ-2000 ಇರುವಾಗ ಮೀಥೇನ್ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೊದಲನೆಯದು ಈಗಿರುವ ಎಲ್‌ವಿಎಂ-3ರ ಭಾರ ಹೊರುವ ಶಕ್ತಿಯನ್ನು ಹೆಚ್ಚಿಸಲು, ಎರಡನೆಯದು ಮರಳಿ ಬರುವ ವಾಹನವನ್ನು ಮೊದಲಿನಿಂದ ಕಟ್ಟಲು.

ನನ್ನ ಕಳವಳ ಇಂಧನದ ಆಯ್ಕೆಯ ಬಗ್ಗೆ ಅಲ್ಲ, ಗಡುವಿನ ಬಗ್ಗೆ. ಅಮೆರಿಕದ ಒತ್ತಡದಿಂದ ರಷ್ಯಾ 1993ರಲ್ಲಿ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದ ಮೇಲೆ ನಾವೇ ಕ್ರಯೋಜೆನಿಕ್ ಎಂಜಿನ್ ಕಟ್ಟಲು ಹೊರಟೆವು. 2010ರ ಏಪ್ರಿಲ್ 15ರ ಹಾರಾಟ ಸೋತಿತು, 2014ರ ಜನವರಿ 5ರಂದು ಗೆದ್ದೆವು. ಇಪ್ಪತ್ತು ವರ್ಷ ಹಿಡಿಯಿತು. ಜಾಣ್ಮೆಯ ಕೊರತೆಗಿಂತ ದೊಡ್ಡ ಕೊರತೆ ಅಲ್ಲಿ ಇನ್ನೊಂದಿತ್ತು: ಕೈಯಲ್ಲಿ ಎಂಜಿನ್‌ಗಳು ಕಡಿಮೆ, ಪರೀಕ್ಷಾ ಪೀಠಗಳು ಕಡಿಮೆ, ಹಾಗಾಗಿ ಸೋತು ಕಲಿಯುವ ಅವಕಾಶವೂ ಕಡಿಮೆ. ಮೀಥೇನ್ ವಿಷಯದಲ್ಲಿ ಮುಂದೆ ಹೋದವರೆಲ್ಲ ಒಂದೇ ವಿಷಯದಲ್ಲಿ ಧಾರಾಳಿಗಳಾಗಿದ್ದರು: ಎಂಜಿನ್ ಮಾಡಿ, ಉರಿಸಿ, ಒಡೆದರೆ ಕಾರಣ ಹುಡುಕಿ ಮತ್ತೊಂದು ಮಾಡುವುದರಲ್ಲಿ. ಸ್ಟಾರ್‌ಷಿಪ್‌ನ ಕೆಳಹಂತವನ್ನು ಗೋಪುರದ ತೋಳುಗಳಿಂದ ಹಿಡಿದ 2024ರ ಅಕ್ಟೋಬರ್ 13ರ ದೃಶ್ಯವನ್ನು ಎಲ್ಲರೂ ನೋಡಿದರು. ಅದರ ಹಿಂದೆ ಟೆಕ್ಸಸ್‌ನ ಪರೀಕ್ಷಾ ಪೀಠಗಳಲ್ಲಿ ಎಂಟು ವರ್ಷ ಎಂಜಿನ್‌ಗಳನ್ನು ಉರಿಸಿದ ಕೆಲಸವಿತ್ತು. ಎಂಟು ವರ್ಷದಲ್ಲಿ ನಮ್ಮ ವಾಹನ ಹಾರಬೇಕಾದರೆ ಮೊದಲ ದುಡ್ಡು ಹೋಗಬೇಕಾದ್ದು ಒಂದಕ್ಕಿಂತ ಹೆಚ್ಚು ಪರೀಕ್ಷಾ ಪೀಠಗಳಿಗೆ, ಏಕಕಾಲಕ್ಕೆ ಉರಿಸಿ ಒಡೆಯಬಹುದಾದಷ್ಟು ಎಂಜಿನ್‌ಗಳಿಗೆ, ಆ ಎಂಜಿನ್‌ಗಳನ್ನು ಕೆಲವರಾದರೂ ಖಾಸಗಿ ತಯಾರಕರು ಮಾಡಿಕೊಡುವ ಏರ್ಪಾಟಿಗೆ. ಹಾಗೆಯೇ ಯಶಸ್ಸನ್ನು ಅಳೆಯುವ ಗಜಕಡ್ಡಿಯೂ ಬದಲಾಗಬೇಕು. ಇಂತಿಷ್ಟು ಟನ್ ನೂಕುಬಲ ಸಾಧಿಸಲಾಯಿತು ಎಂಬುದು ಬಿಸಾಡುವ ಕಾಲದ ಹೆಮ್ಮೆ. ಅದೇ ಎಂಜಿನ್ ಬಿಚ್ಚದೆ ಎಷ್ಟು ಸಲ ಹೊತ್ತಿತು, ಒಟ್ಟು ಎಷ್ಟು ಸೆಕೆಂಡು ಉರಿಯಿತು, ಎರಡು ಉರಿಗಳ ನಡುವೆ ಅದರ ಮೇಲೆ ಎಷ್ಟು ಗಂಟೆಯ ದುಡಿಮೆ ಹೋಯಿತು, ಈ ಮೂರು ಅಂಕಿಗಳನ್ನು ಇಸ್ರೊ ಪ್ರತಿ ಪರೀಕ್ಷೆಯ ಜತೆಗೂ ಪ್ರಕಟಿಸಲಿ.

ಸಭಿಕರಲ್ಲಿ, ವಿಶೇಷವಾಗಿ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ವರ್ಷಗಳಲ್ಲಿ ಮೀಥೇನ್ ಎಂಜಿನ್ ಪರೀಕ್ಷೆ ಯಶಸ್ವಿ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಚಪ್ಪಾಳೆ ತಟ್ಟಿ, ಅದಕ್ಕೆ ಅವರು ಅರ್ಹರು. ಆದರೆ ತಟ್ಟಿದ ಮೇಲೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಆ ದಿನ ಉರಿದ ಎಂಜಿನ್ ಹೊಸದೋ, ಹಿಂದಿನ ಸಲ ಉರಿದದ್ದೋ? ಹಿಂದಿನ ಸಲದ್ದೇ ಎಂಬ ಉತ್ತರ ಬರುವ ದಿನ ಈ ಯೋಜನೆ ಗೆದ್ದಂತೆ.